ಇಲಿಗಳ ತಟ್ಟೆಯಲ್ಲಿ ನಮ್ಮ ಊಟ: ಕೂನೂರಿನ ಪ್ರಯೋಗಾಲಯ ಕಲಿಸಿದ ಪಾಠ



ಹೋದ ತಿಂಗಳ ಸಭೆ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ನಡೆದ ಚರ್ಚೆ ಬಂದಿದ್ದವರಿಗೆಲ್ಲ ನೆನಪಿರಬೇಕು. ಸೊಲ್ಲಾಪುರದಿಂದ ಬಂದಿದ್ದ ಹಿರಿಯರು, "ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಮುಂದ ಯಾವ ಊಟಾನೂ ನಿಲ್ಲಂಗಿಲ್ಲ ನೋಡ್ರಿ" ಅಂದರು. ಕಾಸರಗೋಡಿನ ಸಹೋದರಿಯೊಬ್ಬರು, "ಕುಚ್ಚಲಕ್ಕಿ ಗಂಜಿಯಷ್ಟು ಹಿತ ಬೇರೆ ಯಾವುದುಂಟು?" ಎಂದು ಕೇಳಿದರು. ಹೊಸೂರಿನ ನಮ್ಮ ಖಜಾಂಚಿಗಳು ಮುದ್ದೆ ಬಿಟ್ಟು ಕದಲಲಿಲ್ಲ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ, "ಇದಕ್ಕೆಲ್ಲ ಏನಾದ್ರೂ ಪ್ರೂಫ್ ಇದೆಯಾ ಅಂಕಲ್?" ಅಂದ. ಯಾರೂ ಉತ್ತರ ಕೊಡಲಿಲ್ಲ. ಕಾರ್ಯದರ್ಶಿಯಾದ ನನ್ನ ಕಡೆ ನೋಡಿದರು.

ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು ನಾನು. ಯಾರಾದರೂ ದಾಖಲೆ ಕೇಳಿದರೆ ಹುಡುಕಿ ಕೊಡದಿದ್ದರೆ ನಿದ್ದೆ ಬರುವುದಿಲ್ಲ. ಹುಡುಕಿದೆ. ಪ್ರೂಫ್ ಇದೆ. ಅದು ನಮ್ಮ ಗಡಿನಾಡಿನಲ್ಲೇ, ನೀಲಗಿರಿಯ ಕೂನೂರಿನಲ್ಲೇ ಹುಟ್ಟಿದ್ದು. ಅದನ್ನು ತಿಂದು ತೋರಿಸಿದವು ಬಿಳಿ ಇಲಿಗಳು.

ಏಳು ಊಟ, ಒಂದೇ ಜಾತಿಯ ಇಲಿ

ಕೂನೂರಿಗೆ ಹೋದವರು ಸಿಮ್ಸ್ ಪಾರ್ಕ್ ನೋಡದೆ ಬರುವುದಿಲ್ಲ. ಅದರ ಹತ್ತಿರವೇ ಪಾಶ್ಚರ್ ಇನ್‌ಸ್ಟಿಟ್ಯೂಟ್ ಇದೆ. 1918ರಲ್ಲಿ ಅಲ್ಲಿನ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ಎಂಬ ಕಾಯಿಲೆಯ ಬಗ್ಗೆ ವಿಚಾರಣೆ ನಡೆಸುವ ಸಣ್ಣ ಘಟಕ ಶುರುವಾಯಿತು. ಅದರ ಮುಖ್ಯಸ್ಥರು ಇಂಡಿಯನ್ ಮೆಡಿಕಲ್ ಸರ್ವೀಸಿನ ವೈದ್ಯರಾದ ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಆ ಘಟಕವೇ ಬೆಳೆದು ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯವಾಯಿತು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು, 1969ರಿಂದ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಮ್ಯಾಕ್‌ಕ್ಯಾರಿಸನ್ ಅವರಿಗೆ ಒಂದು ಪ್ರಶ್ನೆ ಇತ್ತು. ಭಾರತದ ಬೇರೆ ಬೇರೆ ಪ್ರಾಂತ್ಯದ ಜನರ ಮೈಕಟ್ಟಿನಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಅಂದಿನ ಬ್ರಿಟಿಷ್ ಅಧಿಕಾರಿಗಳಲ್ಲಿ ಬಹಳಷ್ಟು ಜನ ಇದು ರಕ್ತದ ಗುಣ, ಕುಲದ ಗುಣ ಎಂದು ನಂಬಿದ್ದರು. ಇವರು ಬೇರೆ ದಾರಿ ಹಿಡಿದರು. ಒಂದೇ ತಳಿಯ, ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ತೂಕದ ಎಳೆಯ ಇಲಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಜನಾಂಗದ ಊಟ ಹಾಕಿದರು. ಗೂಡು, ಗಾಳಿ, ಬೆಳಕು, ಶುಚಿತ್ವ ಎಲ್ಲವೂ ಸಮ. ಊಟ ಮಾತ್ರ ಬೇರೆ.

ಕೆಲವು ವಾರಗಳ ನಂತರ ತೂಕ ಹಾಕಿದಾಗ ಬಂದ ಕ್ರಮ ಹೀಗಿತ್ತು: ಸಿಖ್ಖರ ಊಟ ಮೊದಲು, ಆಮೇಲೆ ಪಠಾಣರದು, ಮೂರನೆಯದು ಮರಾಠರದು, ನಾಲ್ಕನೆಯದು ಗೂರ್ಖರದು, ಐದನೆಯದು ಕನ್ನಡಿಗರದು, ಆರನೆಯದು ಬಂಗಾಳಿಗಳದು, ಕೊನೆಯದು ಮದ್ರಾಸಿಗಳದು. ಸಿಖ್ಖರ ಊಟ ತಿಂದ ಇಲಿಗಳ ಸರಾಸರಿ ತೂಕ 235 ಗ್ರಾಂ. ನಮ್ಮ ಊಟ ತಿಂದವು 185 ಗ್ರಾಂ. ಮದ್ರಾಸಿ ಊಟದವು 155 ಗ್ರಾಂ. 1936ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಈ ಫಲಿತಾಂಶವನ್ನು ವಿವರಿಸಿದ್ದಾರೆ.

ಏಳರಲ್ಲಿ ಐದನೆಯವರು ನಾವು! ಬೇಸರ ಮಾಡಿಕೊಳ್ಳುವ ಮೊದಲು ಒಂದು ಮಾತು. ಆ ಕಾಲದಲ್ಲಿ ಕಾಸರಗೋಡು, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ಸೊಲ್ಲಾಪುರ ಬೊಂಬಾಯಿ ಪ್ರೆಸಿಡೆನ್ಸಿ, ಅಕ್ಕಲಕೋಟೆ, ಜತ್ತ ಸಂಸ್ಥಾನಗಳು. ಹಾಗಾಗಿ ನಮ್ಮ ಸದಸ್ಯರ ಅಜ್ಜಂದಿರು ಮೂರನೇ ಸಾಲಿಗೆ ಸೇರಬೇಕೋ ಐದಕ್ಕೋ ಏಳಕ್ಕೋ ಎನ್ನುವುದು ನಮ್ಮ ಗಡಿ ವಿವಾದದಷ್ಟೇ ಗೋಜಲು. ಇಲಿಗಳಿಗೆ ಆ ಚಿಂತೆ ಇರಲಿಲ್ಲ. ಅವು ತಟ್ಟೆಯಲ್ಲಿದ್ದದ್ದನ್ನು ತಿಂದವು, ಅದಕ್ಕೆ ತಕ್ಕ ಹಾಗೆ ಬೆಳೆದವು.

ಹಾಗಾದರೆ ತಟ್ಟೆಯಲ್ಲಿ ಏನಿತ್ತು? ಮೊದಲನೆಯ ತಟ್ಟೆಯಲ್ಲಿ ತೌಡು ತೆಗೆಯದ ಗೋಧಿಯ ಚಪಾತಿ, ಬೆಣ್ಣೆ, ಹಾಲು, ಬೇಳೆ, ಧಾರಾಳವಾಗಿ ಹಸಿ ತರಕಾರಿ, ವಾರಕ್ಕೊಮ್ಮೆ ಸ್ವಲ್ಪ ಮಾಂಸ. ಕೊನೆಯ ತಟ್ಟೆಯಲ್ಲಿ ಪಾಲಿಶ್ ಮಾಡಿ ತೊಳೆದ ಬಿಳಿ ಅಕ್ಕಿಯ ಅನ್ನವೇ ಮುಖ್ಯ. ಬೇಳೆ, ತರಕಾರಿ, ಎಣ್ಣೆ, ಕಾಯಿ, ಸಕ್ಕರೆ ಹಾಕಿದ ಕಾಫಿ ಇದ್ದವು. ಹಾಲು, ಮಜ್ಜಿಗೆ, ತುಪ್ಪ ಹೆಸರಿಗೆ ಮಾತ್ರ.

ಇಲ್ಲಿ ಗಮನಿಸಬೇಕಾದ ವಿಷಯ ಒಂದೇ. ಇಲಿಗಳೆಲ್ಲ ಒಂದೇ ತಳಿ. ಹಾಗಾಗಿ 235ಕ್ಕೂ 155ಕ್ಕೂ ನಡುವಿನ 80 ಗ್ರಾಂ ವ್ಯತ್ಯಾಸ ರಕ್ತದಿಂದ ಬಂದದ್ದಲ್ಲ. ಸಿಖ್ ಇಲಿ, ಕನ್ನಡ ಇಲಿ ಎಂದು ಇರುವುದಿಲ್ಲ. ಕುಲದ ಮೇಲೆ ಹಾಕುತ್ತಿದ್ದ ಭಾರವನ್ನು ಈ ಪ್ರಯೋಗ ಅಡುಗೆಮನೆಯ ಮೇಲೆ ತಂದಿಟ್ಟಿತು. ಕುಲ ಬದಲಾಯಿಸಲು ಆಗುವುದಿಲ್ಲ, ಅಡುಗೆ ಬದಲಾಯಿಸಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮೊದಲನೆಯ ಊಟದ ಮಾದರಿಯಲ್ಲೇ ಅವರು ಸಾವಿರಕ್ಕೂ ಹೆಚ್ಚು ಇಲಿಗಳನ್ನು ಎರಡೂಕಾಲು ವರ್ಷ ಸಾಕಿದರು. ಇಲಿಯ ಎರಡೂಕಾಲು ವರ್ಷವೆಂದರೆ ಮನುಷ್ಯನ ಸುಮಾರು ಐವತ್ತು ವರ್ಷ. ಅಷ್ಟು ಕಾಲದಲ್ಲಿ ಆ ಗುಂಪಿನ ದೊಡ್ಡ ಇಲಿಗಳಲ್ಲಿ ಕಾಯಿಲೆಯಿಂದ ಒಂದೂ ಸಾಯಲಿಲ್ಲ. ಅಷ್ಟೇ ಶುಚಿಯಾದ ಗೂಡಿನಲ್ಲಿದ್ದು ಕೆಟ್ಟ ಊಟ ತಿಂದ ಗುಂಪುಗಳಲ್ಲಿ ಶ್ವಾಸಕೋಶದ ರೋಗ, ಹೊಟ್ಟೆ ಕರುಳಿನ ರೋಗ, ಮೂತ್ರಕೋಶದಲ್ಲಿ ಕಲ್ಲು, ಕಣ್ಣಿನ ತೊಂದರೆ ಎಲ್ಲ ಕಂಡವು. ಇಂಗ್ಲೆಂಡಿನ ಬಡವರ ಊಟವಾದ ಬಿಳಿ ಬ್ರೆಡ್, ಮಾರ್ಗರೀನ್, ಸಕ್ಕರೆ ಚಹಾ, ಡಬ್ಬಿ ಮಾಂಸ, ಜಾಮ್ ಕೊಟ್ಟ ಇಲಿಗಳು ಕುಗ್ಗಿದ್ದಲ್ಲದೆ ಸಿಡುಕಾದವು, ನೋಡಿಕೊಳ್ಳುವವರನ್ನು ಕಚ್ಚಿದವು. ಸುಮಾರು ಅರವತ್ತನೇ ದಿನದ ಹೊತ್ತಿಗೆ ಬಲವಾದವು ಬಡಕಲು ಇಲಿಗಳನ್ನು ಕೊಂದು ತಿನ್ನತೊಡಗಿದವು. ಹಾಗಾಗಿ ಇದು ಪೂರ್ವ ಪಶ್ಚಿಮದ ಸ್ಪರ್ಧೆಯೂ ಅಲ್ಲ.

ಸಿವಿಲ್ ಕೋಳಿಗೆ ಮಿಲಿಟರಿ ಅಕ್ಕಿ ಇಲ್ಲ

ಬಿಳಿ ಅಕ್ಕಿಯ ಗುಟ್ಟು ಕೂನೂರಿಗಿಂತ ಮೊದಲೇ ಹೊರಬಿದ್ದಿತ್ತು. ಅದರ ಹಿಂದೆ ಒಂದು ಕಚೇರಿ ನಿಯಮವೂ ಇದೆ. ನನ್ನಂಥವನಿಗೆ ಇಷ್ಟವಾಗುವ ಕಥೆ.

1890ರ ಆಸುಪಾಸು. ಜಾವಾ ದ್ವೀಪದ ಬಟಾವಿಯಾ, ಇಂದಿನ ಜಕಾರ್ತ. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿಗೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದರು. ಪ್ರಯೋಗಾಲಯದ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ಸೋತು ನಡೆಯಲಾಗದ ಕಾಯಿಲೆ ಬಂತು. ಕೆಲವು ತಿಂಗಳ ನಂತರ ತಾನಾಗಿಯೇ ವಾಸಿಯಾಯಿತು. ವಿಚಾರಿಸಿದಾಗ ತಿಳಿದದ್ದು: ಕೋಳಿ ನೋಡಿಕೊಳ್ಳುವವನು ಕಾಳಿನ ಖರ್ಚು ಉಳಿಸಲು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಹಾಕುತ್ತಿದ್ದ. ಆಮೇಲೆ ಬಂದ ಹೊಸ ಅಡುಗೆಯವನು ಸಿವಿಲ್ ಕೋಳಿಗಳಿಗೆ ಮಿಲಿಟರಿ ಅನ್ನ ಕೊಡಲಾಗದು ಎಂದು ನಿಲ್ಲಿಸಿಬಿಟ್ಟ. ಕೋಳಿಗಳಿಗೆ ಮತ್ತೆ ತೌಡಿರುವ ಕಾಳು ಸಿಕ್ಕಿತು, ಎದ್ದು ಓಡಾಡಿದವು.

ಇದರ ಜಾಡು ಹಿಡಿದು ಜಾವಾದ ನೂರಕ್ಕೂ ಹೆಚ್ಚು ಜೈಲುಗಳನ್ನು ಪರಿಶೀಲಿಸಿದಾಗ, ಬಿಳಿ ಅಕ್ಕಿ ಕೊಡುವ ಜೈಲುಗಳಲ್ಲೇ ಬೆರಿಬೆರಿ ಹೆಚ್ಚು ಎಂದು ಕಂಡಿತು. ಅಕ್ಕಿಯ ಹೊರಪದರದಲ್ಲಿ ಇರುವ, ನಾವು ಇಂದು ಬಿ1 ವಿಟಮಿನ್ ಎನ್ನುವ ಅಂಶ ಪಾಲಿಶ್ ಮಾಡಿದಾಗ ಹೋಗಿಬಿಡುತ್ತದೆ. 1929ರಲ್ಲಿ ಐಕ್‌ಮನ್ ಅವರಿಗೆ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡವರು ಇಂಗ್ಲೆಂಡಿನ ಹಾಪ್ಕಿನ್ಸ್. ಅವರು 1912ರಲ್ಲಿ ತೋರಿಸಿದ್ದು ಇದು: ಶುದ್ಧ ಮಾಡಿದ ಪಿಷ್ಟ, ಕೊಬ್ಬು, ಪ್ರೋಟೀನು, ಲವಣ ಎಲ್ಲ ಲೆಕ್ಕ ಹಾಕಿ ಕೊಟ್ಟರೂ ಎಳೆಯ ಇಲಿಗಳ ಬೆಳವಣಿಗೆ ನಿಂತುಹೋಗುತ್ತದೆ. ದಿನಕ್ಕೆ ಅರ್ಧ ಚಮಚೆಯಷ್ಟು ಹಾಲು ಸೇರಿಸಿದರೆ ಮತ್ತೆ ಬೆಳೆಯುತ್ತವೆ.

ಕಾಸರಗೋಡಿನ ಸಹೋದರಿಗೆ ಇಲ್ಲಿ ಅಂಕ ಕೊಡಬೇಕು. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿ ಒಣಗಿಸಿದಾಗ ಹೊರಪದರದ ಬಿ1 ಒಳಗಿನ ಕಾಳಿಗೆ ಇಳಿಯುತ್ತದೆ. ಮಿಲ್ಲಿಗೆ ಹಾಕಿದರೂ ಸಾಕಷ್ಟು ಉಳಿಯುತ್ತದೆ. ಕುಚ್ಚಲಕ್ಕಿ ಮಾಡುವ ಪದ್ಧತಿ ವಿಟಮಿನ್ ಎಂಬ ಪದ ಹುಟ್ಟುವುದಕ್ಕೆ ಎಷ್ಟೋ ಮೊದಲಿನದು.

ನಾಲ್ಕು ನಾಲ್ಕು ಕಡಸು, ಮತ್ತು ನಮ್ಮ ಗೌರಿ

ಇನ್ನು ದನಗಳ ವಿಷಯ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1907ರಿಂದ 1911ರವರೆಗೆ ಒಂದು ಪ್ರಯೋಗ ನಡೆಯಿತು. ಆ ಕಾಲದ ಲೆಕ್ಕದ ಪ್ರಕಾರ ಮೇವಿನಲ್ಲಿ ಪ್ರೋಟೀನು ಇಷ್ಟು, ಶಕ್ತಿ ಇಷ್ಟು ಎಂದು ಇದ್ದರೆ ಸಾಕು, ಯಾವ ಗಿಡದಿಂದ ಬಂದರೇನು ಎಂದು ತಿಳಿದಿದ್ದರು. ಹದಿನಾರು ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಮೆಕ್ಕೆಜೋಳದ ಕಾಳು ಮತ್ತು ಸೊಪ್ಪೆ, ಒಂದಕ್ಕೆ ಗೋಧಿಯ ಕಾಳು ಮತ್ತು ಹುಲ್ಲು, ಒಂದಕ್ಕೆ ಓಟ್ಸ್, ಇನ್ನೊಂದಕ್ಕೆ ಮೂರರ ಮಿಶ್ರಣ. ಕಾಗದದ ಮೇಲೆ ನಾಲ್ಕೂ ಸಮ.

ಕೊಟ್ಟಿಗೆಯಲ್ಲಿ ಸಮ ಇರಲಿಲ್ಲ. ಮೆಕ್ಕೆಜೋಳದ ದನಗಳು ಮೈತುಂಬಿಕೊಂಡು ಗಟ್ಟಿ ಕರು ಹಾಕಿದವು. ಗೋಧಿಯ ದನಗಳ ಕೂದಲು ಒರಟಾಯಿತು, ಕಣ್ಣು ಹೋಯಿತು, ದಿನ ತುಂಬುವ ಮೊದಲೇ ಈದವು, ಕರುಗಳು ಸತ್ತು ಹುಟ್ಟಿದವು ಅಥವಾ ಹುಟ್ಟಿ ಸತ್ತವು. ಕಾರಣ ಹುಡುಕಲು ಅಲ್ಲಿನ ಮೆಕಾಲಮ್ ಎಂಬ ವಿಜ್ಞಾನಿ ದನ ಬಿಟ್ಟು ಇಲಿ ಹಿಡಿದರು. ದನದ ಒಂದು ತಲೆಮಾರು ನೋಡಲು ವರ್ಷಗಳು ಬೇಕು, ಇಲಿಗೆ ತಿಂಗಳುಗಳು ಸಾಕು. 1913ರಲ್ಲಿ ಅವರೂ ಮಾರ್ಗರೀಟ್ ಡೇವಿಸ್ ಅವರೂ ಬೆಣ್ಣೆಯಲ್ಲೂ ಮೊಟ್ಟೆಯ ಹಳದಿಯಲ್ಲೂ ಇರುವ, ಹಂದಿಯ ಕೊಬ್ಬಿನಲ್ಲೂ ಆಲಿವ್ ಎಣ್ಣೆಯಲ್ಲೂ ಇಲ್ಲದ ಒಂದು ಅಂಶವನ್ನು ಗುರುತಿಸಿದರು. ಅದೇ ಎ ವಿಟಮಿನ್. ಹಸಿರು ಸೊಪ್ಪಿನಲ್ಲಿ, ಹಳದಿ ಮೆಕ್ಕೆಜೋಳದಲ್ಲಿ ಅದರ ಮೂಲವಸ್ತು ಇರುತ್ತದೆ. ಒಣಗಿ ಬೆಳ್ಳಗಾದ ಹುಲ್ಲಿನಲ್ಲಿ ಇರುವುದಿಲ್ಲ.

ಈ ಭಾಗ ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 2016-17ರ ಬರ ನಿಮಗೆಲ್ಲ ನೆನಪಿದೆ. ತಾಳವಾಡಿ ಕಡೆ ರಾಗಿ ಕೈಕೊಟ್ಟಿತು, ರಾಗಿ ಹುಲ್ಲಿನ ಮೆದೆ ಖಾಲಿಯಾಯಿತು. ನಾನು ಲಾರಿಯಲ್ಲಿ ಬಂದ ಒಣ ಭತ್ತದ ಹುಲ್ಲು ಕೊಂಡು, ಅದೊಂದನ್ನೇ ತಿಂಗಳುಗಟ್ಟಲೆ ಹಾಕಿದೆ. ಹಸು ಗೌರಿ ಗಬ್ಬವಾಗಿತ್ತು. ಹೊಟ್ಟೆ ತುಂಬ ತಿನ್ನುತ್ತಿದೆಯಲ್ಲ ಎಂದು ನನಗೆ ಸಮಾಧಾನ. ಕರು ಹುಟ್ಟಿತು, ಎದ್ದು ನಿಲ್ಲಲಿಲ್ಲ. ಕಣ್ಣ ಮುಂದೆ ಕೈ ಆಡಿಸಿದರೂ ರೆಪ್ಪೆ ಅಲುಗಲಿಲ್ಲ. ನಾಲ್ಕನೇ ದಿನ ಹೋಯಿತು. ಪಶುವೈದ್ಯರು ಬೈಯಲಿಲ್ಲ. "ಗಬ್ಬದ ಹಸುವಿಗೆ ದಿನಕ್ಕೆ ಒಂದು ಹಿಡಿ ಹಸಿರಾದರೂ ಬೇಕಿತ್ತು ಸಾರ್. ನುಗ್ಗೆಸೊಪ್ಪು, ಅಗಸೆಸೊಪ್ಪು ಏನಾದರೂ" ಅಂದರು. ನುಗ್ಗೆ ಮರ ನಮ್ಮ ಹಿತ್ತಲಲ್ಲೇ ಇತ್ತು. ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದದ್ದು ಸಿಗುವುದು ಬೇರೆ ಎಂದು ನನಗೆ ತಿಳಿದದ್ದು ಹಾಗೆ. ವಿಸ್ಕಾನ್ಸಿನ್‌ನವರು ನೂರು ವರ್ಷ ಮೊದಲೇ ಬರೆದಿಟ್ಟಿದ್ದರು.

ದನ ಸಾಕಿರುವ ಸದಸ್ಯರಿಗಾಗಿ ಇನ್ನು ಮೂರು ಮಾತು.

ಒಂದು, ಗಿಣ್ಣು ಹಾಲು ಮೊದಲು ಕರುವಿಗೆ, ಆಮೇಲೆ ನಮ್ಮ ಗಿಣ್ಣಕ್ಕೆ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಅದು ಬರುವುದು ಗಿಣ್ಣು ಹಾಲಿನಿಂದ. ಕರುಳು ಅದನ್ನು ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಗಂಟೆ ಕಳೆದಂತೆ ಕಡಿಮೆಯಾಗುತ್ತದೆ. ಸತ್ತೆ ಬೀಳಲಿ ಎಂದು ಕಾಯದೆ ಒಂದೆರಡು ಗಂಟೆಯೊಳಗೆ ಕುಡಿಸಬೇಕು.

ಎರಡು, ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಪುಣ್ಯವೆಂದು ಹಸುವಿಗೆ ಬಕೆಟ್‌ಗಟ್ಟಲೆ ಸುರಿಯಬೇಡಿ. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿಗೆ ಹೊಂದಿಕೊಂಡಿರುತ್ತವೆ. ಒಮ್ಮೆಲೇ ಬಂದ ಪಿಷ್ಟ ಆಮ್ಲವಾಗಿ ಹುಳಿಯುತ್ತದೆ, ಹಸು ಸಾಯಲೂಬಹುದು.

ಮೂರು, ದನ ಬಟ್ಟೆ, ಮೂಳೆ, ಮಣ್ಣು ಅಗಿಯುತ್ತಿದ್ದರೆ ಅದನ್ನು ಕೆಟ್ಟ ಚಾಳಿ ಎಂದು ಹೊಡೆಯಬೇಡಿ. ದಕ್ಷಿಣ ಆಫ್ರಿಕದಲ್ಲಿ ದನಗಳು ಸತ್ತ ಪ್ರಾಣಿಗಳ ಮೂಳೆ ಅಗಿದು, ಅದರಲ್ಲಿದ್ದ ವಿಷದಿಂದ ಸಾಯುತ್ತಿದ್ದವು. ಅರ್ನಾಲ್ಡ್ ಥೈಲರ್ ಎಂಬ ಪಶುವೈದ್ಯ ವಿಜ್ಞಾನಿ ಮೂಲ ಹುಡುಕಿದಾಗ ಅಲ್ಲಿನ ಮಣ್ಣಿನಲ್ಲೂ ಹುಲ್ಲಿನಲ್ಲೂ ರಂಜಕ ಕಡಿಮೆ ಎಂದು ಕಂಡರು. ದನ ತನಗೆ ಇಲ್ಲದ್ದನ್ನು ಹುಡುಕುತ್ತಿತ್ತು. ನಿಮ್ಮ ಹಸು ಹಾಗೆ ಮಾಡಿದರೆ ಪಶು ಆಸ್ಪತ್ರೆಯಲ್ಲಿ ಖನಿಜ ಮಿಶ್ರಣದ ಬಗ್ಗೆ ಕೇಳಿ.

ಇಲಿಯ ಮಾತನ್ನು ಎಷ್ಟು ನಂಬಬೇಕು?

ಕಾಲೇಜು ಹುಡುಗ ಇಷ್ಟಕ್ಕೆ ಬಿಡುವವನಲ್ಲ. "ನಾವೇನು ಇಲಿಗಳಾ ಅಂಕಲ್?" ಅನ್ನುತ್ತಾನೆ. ನ್ಯಾಯವಾದ ಪ್ರಶ್ನೆ.

ಇಲಿ ತನಗೆ ಬೇಕಾದ ಸಿ ವಿಟಮಿನ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾವು ಮಾಡಿಕೊಳ್ಳಲಾರೆವು. ಹಾಗಾಗಿ ವಸಡಿನಿಂದ ರಕ್ತ ಸೋರುವ ಸ್ಕರ್ವಿ ರೋಗದ ಗುಟ್ಟು ಇಲಿಯಿಂದ ಸಿಗಲಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಗಿನಿಯಿಲಿಗಳಿಗೆ ಬರಿಯ ಧಾನ್ಯ ಕೊಟ್ಟಾಗ ಆ ರೋಗ ಬಂತು. ಗಿನಿಯಿಲಿಯೂ ನಮ್ಮ ಹಾಗೆ ಸಿ ವಿಟಮಿನ್ ಮಾಡಿಕೊಳ್ಳಲಾರದು. ಯಾವ ಪ್ರಶ್ನೆಗೆ ಯಾವ ಪ್ರಾಣಿ ಎಂದು ಸರಿಯಾಗಿ ಆರಿಸಬೇಕು.

ಎರಡನೆಯದು, ತೂಕವೇ ಆರೋಗ್ಯವಲ್ಲ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕೇ ಅವರು ವಿಟಮಿನ್, ಲವಣ ಕಡಿಮೆ ಮಾಡದೆ ಊಟದ ಪ್ರಮಾಣವನ್ನು ಮಾತ್ರ ಬಿಗಿ ಹಿಡಿದರು. ಆ ಇಲಿಗಳು ನಿಧಾನವಾಗಿ ಬೆಳೆದವು, ಹೊಟ್ಟೆಬಿರಿಯ ತಿಂದವುಗಳಿಗಿಂತ ಹೆಚ್ಚು ಕಾಲ ಬದುಕಿದವು. ನಮ್ಮ ಕಣ್ಣ ಮುಂದಿನ ಉದಾಹರಣೆ ಬ್ರಾಯ್ಲರ್ ಕೋಳಿ. ಆರು ವಾರದಲ್ಲಿ ಎರಡು ಕಿಲೋ ದಾಟುತ್ತದೆ. ಆದರೆ ತನ್ನ ಭಾರಕ್ಕೆ ಕಾಲು ಸೊಟ್ಟಗಾಗುವುದು, ಹೃದಯ ಸೋಲುವುದು ಅದರಲ್ಲಿ ಸಾಮಾನ್ಯ. ಹಾಗಾಗಿ 235 ಗ್ರಾಂನ ಇಲಿಯನ್ನು ಮೆಚ್ಚಬೇಕಾದದ್ದು ಅದರ ತೂಕಕ್ಕಲ್ಲ, ಆ ಊಟದಲ್ಲಿ ಸಾವಿರ ಇಲಿ ಕಾಯಿಲೆಯಿಲ್ಲದೆ ಬದುಕಿದ್ದಕ್ಕೆ.

ಮೂರನೆಯದು, ಇಲಿ ಹೇಳಿದ್ದನ್ನು ಮಕ್ಕಳಲ್ಲಿ ಪರೀಕ್ಷಿಸಿದ್ದೂ ಕೂನೂರಿನವರೇ. ಮ್ಯಾಕ್‌ಕ್ಯಾರಿಸನ್ ನಂತರ ಬಂದ ಆಯ್ಕ್ರಾಯ್ಡ್ ಮತ್ತು ಅವರ ಸಹೋದ್ಯೋಗಿ ಕೃಷ್ಣನ್ ಅವರು ಅನ್ನವೇ ಮುಖ್ಯವಾಗಿದ್ದ ಮಕ್ಕಳ ಊಟಕ್ಕೆ ಕೆನೆ ತೆಗೆದ ಹಾಲನ್ನು ಸೇರಿಸಿ ನೋಡಿದರು. ಹಾಲು ಸಿಕ್ಕ ಮಕ್ಕಳ ಎತ್ತರವೂ ತೂಕವೂ ಹೆಚ್ಚು ಏರಿತು. 1937ರಲ್ಲಿ ಇದು ಪ್ರಕಟವಾಯಿತು.

ನಾಲ್ಕು ಕಾಲಂ

ಇಷ್ಟೆಲ್ಲ ಓದಿ ನಾನು ಹಳೆಯ ಚಾಳಿಯಂತೆ ಒಂದು ರಿಜಿಸ್ಟರ್ ಮಾಡಿದೆ. ನಾಲ್ಕು ಕಾಲಂ: ತೌಡು ಕಳೆಯದ ಧಾನ್ಯ, ಬೇಳೆಕಾಳು, ಸೊಪ್ಪು ತರಕಾರಿ, ಹಾಲು ಮಜ್ಜಿಗೆ ಅಥವಾ ಮೊಟ್ಟೆ ಮೀನು. ಮೊದಲನೆಯ ಸಾಲಿನ ಊಟದಲ್ಲಿ ನಾಲ್ಕೂ ಭರ್ತಿ. ಕೊನೆಯದರಲ್ಲಿ ಮೊದಲ ಕಾಲಂ ಖಾಲಿ, ನಾಲ್ಕನೆಯದು ಅರೆಖಾಲಿ. ಗೋಧಿಯೇ ಆಗಬೇಕೆಂದಿಲ್ಲ.

ಮುದ್ದೆ, ಅವರೆಕಾಳಿನ ಹುಳಿ, ಸೊಪ್ಪಿನ ಪಲ್ಯ, ಮಜ್ಜಿಗೆ ಇಟ್ಟರೆ ನಾಲ್ಕೂ ಭರ್ತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಂತ್ಯ, ಮೊಸರು ಇಟ್ಟರೂ ಭರ್ತಿ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಹರಿವೆ ಸೊಪ್ಪು, ಮೀನು ಅಥವಾ ಮಜ್ಜಿಗೆ ಇಟ್ಟರೂ ಭರ್ತಿ. ಆದರೆ ಬರೀ ಮುದ್ದೆ, ನೀರು ಸಾರು ಎಂದರೆ ಮುದ್ದೆಯೂ ಸೋಲುತ್ತದೆ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಎರಡೂ ಸೇರಿದಾಗ ಮೈ ಕಟ್ಟಲು ಅನುಕೂಲ. ಹಾಗಾಗಿ ಪಂಕ್ತಿಯಲ್ಲಿ ಜಗಳವಾಡಿದ ಮೂವರೂ ಗೆದ್ದರು ಎಂದು ಬರೆದುಕೊಳ್ಳಬಹುದು, ಜೊತೆಗೆ ಬಡಿಸುವುದು ಸರಿಯಿದ್ದರೆ.

ನನ್ನ ಚಿಂತೆ ಬೇರೆ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳ ಸಂಬಳದಲ್ಲಿ ಅಮ್ಮ ಬಿಳಿ ಅಕ್ಕಿ ತರಿಸಿ, "ಇನ್ನು ಮೇಲೆ ನಮ್ಮನೇಲಿ ಮುದ್ದೆ ಇಲ್ಲ ಕಣಪ್ಪ" ಎಂದು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳಿದ್ದಳು. ಅದು ನಮಗೆ ಬಡ್ತಿಯಾಗಿತ್ತು. ಇವತ್ತು ನನ್ನ ಮೊಮ್ಮಗಳ ರಾತ್ರಿಯ ತಟ್ಟೆ ನೋಡಿ ಕಾಲಂ ತುಂಬಿದೆ: ಬಿಳಿ ಅನ್ನ, ಆಲೂಗಡ್ಡೆ, ಪ್ಯಾಕೆಟ್ ಚಿಪ್ಸ್. ನಾಲ್ಕರಲ್ಲಿ ಮೂರು ಖಾಲಿ. ಹೊಟ್ಟೆ ತುಂಬ ತಿಂದಳಲ್ಲ ಎಂದು ಸೊಸೆಗೆ ಸಮಾಧಾನ. ಗೌರಿಯ ವಿಷಯದಲ್ಲಿ ನನಗಿದ್ದದ್ದೂ ಅದೇ ಸಮಾಧಾನ. ಸೊಸೆಗೆ ಉಪದೇಶ ಮಾಡಲಿಲ್ಲ. ಮರುದಿನ ನಾನೇ ಹಿತ್ತಲಿಗೆ ಹೋಗಿ ನುಗ್ಗೆಸೊಪ್ಪು ಬಿಡಿಸಿ ತಂದು, ಕೂತು ಸೋಸಿ ಕೊಟ್ಟೆ. ಈಗ ವಾರಕ್ಕೆ ಮೂರು ದಿನ ಆ ಕೆಲಸ ನನ್ನದು.

ಸದಸ್ಯರಲ್ಲಿ ಒಂದು ಮನವಿ. ಮುಂದಿನ ಮಾಸಿಕ ಸಭೆಗೆ ಕೇಟರಿಂಗ್ ಬೇಡ ಎಂದು ಸಮಿತಿ ತೀರ್ಮಾನಿಸಿದೆ. ನಿಮ್ಮ ನಿಮ್ಮ ಊರಿನ ಒಂದು ಊಟವನ್ನು, ಎರಡು ಜನಕ್ಕಾಗುವಷ್ಟು, ಮನೆಯಿಂದ ತನ್ನಿ. ನಾನು ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂತಿರುತ್ತೇನೆ. ತಂದ ತಟ್ಟೆಗೆ ನಾಲ್ಕು ಕಾಲಂ ತುಂಬಿಸಿ, ಎಲ್ಲವನ್ನೂ ಒಟ್ಟು ಸೇರಿಸಿ ಗಡಿನಾಡಿನ ಊಟದ ಒಂದು ಪಟ್ಟಿ ಮಾಡೋಣ. ಮಕ್ಕಳನ್ನು, ಮೊಮ್ಮಕ್ಕಳನ್ನು ಮರೆಯದೆ ಕರೆತನ್ನಿ. ಪ್ರೂಫ್ ಕೇಳಿದ ಹುಡುಗನೂ ಬರಲೇಬೇಕು. ತಕ್ಕಡಿ ಹಿಡಿಯುವ ಕೆಲಸ ಅವನಿಗೆ ಇಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ